ಆಂಗ್ಲಿಕನ್ ಪ್ಯಾರಿಷ್ ರೆಕ್ಟರ್: ಹುದ್ದೆ, ಹೊಣೆ ಮತ್ತು ಅಧಿಕಾರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ಬೆಳೆದು ಓದಿಗೋ ಕೆಲಸಕ್ಕೋ ಇಂಗ್ಲೆಂಡಿಗೆ ಹೋದವರು, ಮಕ್ಕಳನ್ನು ಅಲ್ಲಿನ ಚರ್ಚ್ ಶಾಲೆಗೆ ಸೇರಿಸಲು ಹೊರಟವರು, ಇಂಗ್ಲಿಷ್ ಕಾದಂಬರಿಗಳಲ್ಲಿ ರೆಕ್ಟರ್, ವಿಕಾರ್, ಕ್ಯುರೇಟ್ ಎಂಬ ಹೆಸರುಗಳನ್ನು ಕಂಡು ಗೊಂದಲಗೊಂಡವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ವಿವರಗಳು ಮುಖ್ಯವಾಗಿ ಇಂಗ್ಲೆಂಡಿನ ಅಧಿಕೃತ ಆಂಗ್ಲಿಕನ್ ಸಭೆಯಾದ ಚರ್ಚ್ ಆಫ್ ಇಂಗ್ಲೆಂಡಿಗೆ ಸಂಬಂಧಿಸಿದವು. ಬೇರೆ ದೇಶಗಳ ಪದ್ಧತಿ ಮತ್ತು ನಮ್ಮ ಕಡೆಯ ವ್ಯವಸ್ಥೆಯನ್ನು ಕೊನೆಯ ಭಾಗದಲ್ಲಿ ಪ್ರತ್ಯೇಕವಾಗಿ ಹೇಳಲಾಗಿದೆ.

ರೆಕ್ಟರ್ ಎಂದರೆ ಯಾರು?

ಒಂದು ಪ್ಯಾರಿಷ್‌ನ ಆತ್ಮಿಕ ಹೊಣೆಯನ್ನು ಬಿಷಪ್ಪರಿಂದ ಪಡೆದು, ಅಲ್ಲಿಯೇ ನೆಲೆಸಿ, ಆರಾಧನೆ ನಡೆಸುವ, ಬೋಧಿಸುವ, ಸಂಸ್ಕಾರಗಳನ್ನು ನೆರವೇರಿಸುವ ಮತ್ತು ಜನರ ಕಷ್ಟಸುಖ ವಿಚಾರಿಸುವ ಪಾದ್ರಿಯೇ ರೆಕ್ಟರ್. ಪ್ಯಾರಿಷ್ ಎಂದಾಗ ನಾವು ಸದಸ್ಯರ ಪಟ್ಟಿಯನ್ನು ನೆನೆಯಬಾರದು. ಅದು ನಕ್ಷೆಯ ಮೇಲೆ ಗಡಿ ಗುರುತಿಸಿದ ಭೂಭಾಗ. ಇಂಗ್ಲೆಂಡಿನ ಬಹುತೇಕ ಇಡೀ ನೆಲ ಸುಮಾರು 12,500 ಪ್ಯಾರಿಷ್‌ಗಳಾಗಿ ಹಂಚಿಹೋಗಿದ್ದು, ಅವು ಡಯಾಸಿಸ್ ಎಂಬ ಪ್ರಾಂತಗಳ ಬಿಷಪ್ಪರ ಆಡಳಿತಕ್ಕೆ ಒಳಪಟ್ಟಿವೆ. ಆದ್ದರಿಂದ ಅಲ್ಲಿ ಯಾವ ಮನೆಯಲ್ಲಿ ಯಾರೇ ವಾಸವಾಗಿರಲಿ, ಅವರು ಯಾವುದೋ ಒಂದು ಪ್ಯಾರಿಷ್‌ನವರೇ ಆಗಿರುತ್ತಾರೆ, ಅದು ಅವರಿಗೆ ತಿಳಿದಿರಲಿ ಇಲ್ಲದಿರಲಿ.

ರೆಕ್ಟರ್ ಮತ್ತು ವಿಕಾರ್ ನಡುವೆ ಇರುವ ವ್ಯತ್ಯಾಸವೇನು?

ಇಂದಿನ ದಿನನಿತ್ಯದ ಕೆಲಸದಲ್ಲಿ ವ್ಯತ್ಯಾಸವೇನೂ ಇಲ್ಲ. ಇಬ್ಬರ ಹಕ್ಕುಗಳೂ ಕರ್ತವ್ಯಗಳೂ ಒಂದೇ. ಇಬ್ಬರನ್ನೂ ಕಾನೂನು ಇನ್‌ಕಂಬೆಂಟ್, ಅಂದರೆ ಸ್ಥಾನವನ್ನು ಹೊಂದಿರುವವರು, ಎಂದು ಕರೆಯುತ್ತದೆ. ಹೆಸರು ಬೇರೆಯಾಗಿರುವುದಕ್ಕೆ ಕಾರಣ ಮಧ್ಯಯುಗದ ದಶಮಾಂಶ ಪದ್ಧತಿ.

ಆಗ ಪ್ಯಾರಿಷ್‌ನ ರೈತರು ಬೆಳೆದದ್ದರಲ್ಲಿ ಹತ್ತನೆಯ ಒಂದು ಪಾಲನ್ನು ಚರ್ಚಿಗೆ ಕೊಡಬೇಕಿತ್ತು. ಇದರಲ್ಲಿ ಎರಡು ಬಗೆ. ಧಾನ್ಯ, ಹುಲ್ಲು, ಮರ ಇವುಗಳ ಪಾಲು ದೊಡ್ಡ ದಶಮಾಂಶ. ಉಣ್ಣೆ, ಕುರಿಮರಿ, ಹಾಲು, ಮೊಟ್ಟೆ, ಹಣ್ಣು ಮುಂತಾದವುಗಳ ಪಾಲು ಸಾಮಾನ್ಯವಾಗಿ ಚಿಕ್ಕ ದಶಮಾಂಶ. ಎರಡನ್ನೂ ಪಡೆಯುವ ಹಕ್ಕಿದ್ದವರು ರೆಕ್ಟರ್. ಆದರೆ ಅನೇಕ ಪ್ಯಾರಿಷ್‌ಗಳ ರೆಕ್ಟರ್ ಪಟ್ಟ ಮಠಗಳ ವಶಕ್ಕೆ ಹೋಗಿತ್ತು. ಮಠವು ದೊಡ್ಡ ದಶಮಾಂಶವನ್ನು ತಾನೇ ಇಟ್ಟುಕೊಂಡು, ಊರಿನ ಸೇವೆಗೆ ತನ್ನ ಪರವಾಗಿ ಒಬ್ಬ ಪಾದ್ರಿಯನ್ನು ನೇಮಿಸಿ ಅವರಿಗೆ ಚಿಕ್ಕ ದಶಮಾಂಶವನ್ನು ಬಿಟ್ಟುಕೊಡುತ್ತಿತ್ತು. ಆ ಪ್ರತಿನಿಧಿಯೇ ವಿಕಾರ್. ಎಂಟನೆಯ ಹೆನ್ರಿ 1536ರಿಂದ 1540ರ ನಡುವೆ ಮಠಗಳನ್ನು ಮುಚ್ಚಿಸಿದಾಗ ಅವುಗಳ ದಶಮಾಂಶದ ಹಕ್ಕು ಜಮೀನುದಾರರಿಗೂ ಕಾಲೇಜುಗಳಿಗೂ ಹೋಯಿತು. ಪಾದ್ರಿಗಳಲ್ಲದ ಸಾಮಾನ್ಯ ಜನರೂ ಹೀಗೆ ‘ಲೇ ರೆಕ್ಟರ್’ ಆದರು.

1836ರ ಕಾಯ್ದೆ ದಶಮಾಂಶವನ್ನು ಹಣದ ರೂಪಕ್ಕೆ ತಂದಿತು, 1936ರ ಕಾಯ್ದೆ ಅದನ್ನೂ ತೆಗೆದುಹಾಕಿತು. ಆದರೂ ಒಂದು ಬಾಲ ಉಳಿದುಕೊಂಡಿದೆ. ಬಲಿಪೀಠವಿರುವ ಭಾಗವಾದ ಚಾನ್ಸೆಲ್‌ನ ದುರಸ್ತಿ ರೆಕ್ಟರರ ಹೊಣೆಯಾಗಿದ್ದುದರಿಂದ, ಹಿಂದಿನ ರೆಕ್ಟರ್ ಜಮೀನನ್ನು ಕೊಂಡ ಇಂದಿನ ಮಾಲೀಕರ ಮೇಲೂ ಅದು ಬೀಳಬಹುದು. ವಾರಿಕ್‌ಷೈರ್‌ನ ಆ್ಯಸ್ಟನ್ ಕ್ಯಾಂಟ್ಲೋ ಪ್ಯಾರಿಷ್‌ನ ಪ್ರಕರಣದಲ್ಲಿ ಆಗ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ 2003ರಲ್ಲಿ ಹಾಗೆಯೇ ತೀರ್ಪು ಕೊಟ್ಟು, ಒಂದು ಹೊಲದ ಮಾಲೀಕರು ಒಂದು ಲಕ್ಷ ಪೌಂಡಿಗೂ ಹೆಚ್ಚಿನ ದುರಸ್ತಿ ವೆಚ್ಚ ಹೊರಬೇಕಾಯಿತು. ಆ ಭಯದಿಂದಾಗಿ ಇಂಗ್ಲೆಂಡಿನಲ್ಲಿ ಮನೆ ಕೊಳ್ಳುವಾಗ ವಕೀಲರು ಈಗಲೂ ಚಾನ್ಸೆಲ್ ಹೊಣೆಯ ಬಗ್ಗೆ ವಿಚಾರಿಸುವುದುಂಟು.

ಇನ್ನೊಂದು ಬಳಕೆಯೂ ಇದೆ. ಹಲವು ಚರ್ಚುಗಳನ್ನು ಒಂದು ತಂಡ ನೋಡಿಕೊಳ್ಳುವ ಕಡೆ ಅದರ ಮುಖ್ಯಸ್ಥರನ್ನು ಟೀಮ್ ರೆಕ್ಟರ್ ಎಂದೂ ಜೊತೆಗಿರುವವರನ್ನು ಟೀಮ್ ವಿಕಾರ್ ಎಂದೂ ಕರೆಯುತ್ತಾರೆ.

ಚರ್ಚಿಗೆ ಬಾರದವರ ಬಗ್ಗೆಯೂ ರೆಕ್ಟರರಿಗೆ ಹೊಣೆ ಇದೆಯೇ?

ಇದೆ, ಮತ್ತು ಈ ಹುದ್ದೆಯ ತಿರುಳೇ ಅದು. ಇಂಗ್ಲಿಷ್ ಚರ್ಚ್ ಕಾನೂನು ‘ಆತ್ಮಗಳ ಪಾಲನೆ’ ಎಂದು ಹೇಳುವ ಹೊಣೆ ಗಡಿಯೊಳಗಿರುವ ಎಲ್ಲರಿಗೂ ಅನ್ವಯಿಸುತ್ತದೆ. ಭಾನುವಾರ ಬೆಂಚಿನ ಮೇಲೆ ಕುಳಿತುಕೊಳ್ಳುವ ಐವತ್ತು ಜನರಿಗಷ್ಟೇ ರೆಕ್ಟರ್ ಆಗಿರುವವರು ತಮ್ಮ ಕೆಲಸದ ಒಂದು ಭಾಗವನ್ನು ಮಾತ್ರ ಮಾಡುತ್ತಿದ್ದಾರೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಗಡಿಯೊಳಗಿನ ಆಸ್ಪತ್ರೆ, ವೃದ್ಧಾಶ್ರಮ, ಶಾಲೆ, ಮದ್ಯದಂಗಡಿ, ಹೊಸದಾಗಿ ಬಂದು ನೆಲೆಸಿದ ಹಿಂದೂ ಅಥವಾ ಮುಸ್ಲಿಂ ಕುಟುಂಬ, ದೇವರನ್ನೇ ನಂಬದವರು, ಇವರೆಲ್ಲರೂ ಆ ಪಾಲನೆಯ ವ್ಯಾಪ್ತಿಯಲ್ಲಿದ್ದಾರೆ. ಅವರನ್ನು ಮತಕ್ಕೆ ಸೇರಿಸಿಕೊಳ್ಳಬೇಕೆಂದು ಇದರ ಅರ್ಥವಲ್ಲ. ಅವರಿಗೆ ಬೇಕಾದಾಗ ಒಬ್ಬರು ಬಾಗಿಲು ತೆರೆಯಬೇಕು, ಅಷ್ಟೇ.

ಈ ಹೊಣೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಡರ್ಬಿಷೈರ್‌ನ ಈಯಮ್ ಹಳ್ಳಿಯ ಇತಿಹಾಸವನ್ನು ನೋಡಬೇಕು. 1665ರ ಸೆಪ್ಟೆಂಬರಿನಲ್ಲಿ ಲಂಡನ್ನಿನಿಂದ ದರ್ಜಿಯೊಬ್ಬರ ಮನೆಗೆ ಬಂದ ಬಟ್ಟೆಯ ಜೊತೆಯಲ್ಲಿ ಪ್ಲೇಗ್ ಬಂದಿತೆಂದು ಹೇಳಲಾಗುತ್ತದೆ. ಮರುವರ್ಷ ರೋಗ ಉಲ್ಬಣಿಸಿದಾಗ ರೆಕ್ಟರ್ ವಿಲಿಯಂ ಮಾಂಪೆಸನ್ ಅವರು ಊರಿನವರು ಯಾರೂ ಗಡಿ ದಾಟದಂತೆ ಮನವೊಲಿಸಿದರು. ಅಕ್ಕಪಕ್ಕದ ಊರುಗಳಿಗೆ ಸೋಂಕು ಹರಡಬಾರದೆಂಬುದು ಉದ್ದೇಶ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಊರಿನ ಜನರಲ್ಲಿ ಅನೇಕರ ನಿಷ್ಠೆ ಇದ್ದದ್ದು ಹಿಂದಿನ ಪಾದ್ರಿ ಥಾಮಸ್ ಸ್ಟ್ಯಾನ್ಲಿ ಅವರ ಕಡೆಗೆ. ಅವರು ಎಲ್ಲ ಚರ್ಚುಗಳಲ್ಲೂ ಒಂದೇ ಪ್ರಾರ್ಥನಾ ಪುಸ್ತಕ ಬಳಸಬೇಕೆಂಬ 1662ರ ಏಕರೂಪತಾ ಕಾಯ್ದೆಗೆ ಒಪ್ಪದೆ ಸ್ಥಾನ ಕಳೆದುಕೊಂಡವರು. ಮಾಂಪೆಸನ್ ಆ ಭಿನ್ನಾಭಿಪ್ರಾಯವನ್ನು ಬದಿಗಿಟ್ಟು ಸ್ಟ್ಯಾನ್ಲಿಯವರ ನೆರವು ಕೇಳಿದರು, ಇಬ್ಬರೂ ಒಟ್ಟಾಗಿ ಜನರ ಮುಂದೆ ನಿಂತರು. ಚರ್ಚಿನ ಬಾಗಿಲು ಮುಚ್ಚಿ ಬಯಲಿನ ಕಣಿವೆಯೊಂದರಲ್ಲಿ, ಕುಟುಂಬಗಳು ದೂರ ದೂರ ನಿಂತು, ಆರಾಧನೆ ನಡೆಯಿತು. ಹೊರಗಿನವರು ಗಡಿಕಲ್ಲಿನ ಬಳಿ ಆಹಾರ ಇಟ್ಟು ಹೋಗುತ್ತಿದ್ದರು. ಅದರ ಬೆಲೆಯ ನಾಣ್ಯಗಳನ್ನು ಕಲ್ಲಿನ ಕುಳಿಗಳಲ್ಲಿ ತುಂಬಿದ ವಿನೆಗರ್‌ನಲ್ಲಿ ಹಾಕಿಡಲಾಗುತ್ತಿತ್ತು. ಸುಮಾರು 260 ಜನ ಸತ್ತರೆಂದು ಪರಂಪರೆ ಹೇಳುತ್ತದೆ. 1666ರ ಆಗಸ್ಟ್‌ನಲ್ಲಿ ರೆಕ್ಟರರ ಪತ್ನಿ ಕ್ಯಾಥರೀನ್ ಕೂಡ ತೀರಿಕೊಂಡರು. ಅವರ ಸಮಾಧಿ ಚರ್ಚಿನ ಅಂಗಳದಲ್ಲಿಯೇ ಇದೆ.

ರೆಕ್ಟರರನ್ನು ಯಾರು ನೇಮಿಸುತ್ತಾರೆ?

ಬಿಷಪ್ಪರು ಒಬ್ಬರೇ ತೀರ್ಮಾನಿಸಿ ಕಳುಹಿಸುತ್ತಾರೆಂದು ನಮ್ಮವರು ಭಾವಿಸುವುದು ಸಹಜ, ಆದರೆ ಅಲ್ಲಿ ಹಾಗಿಲ್ಲ. ಪ್ರತಿಯೊಂದು ಸ್ಥಾನಕ್ಕೂ ಅಭ್ಯರ್ಥಿಯನ್ನು ಸೂಚಿಸುವ ಹಕ್ಕುಳ್ಳ ಒಬ್ಬ ‘ಪೇಟ್ರನ್’ ಇರುತ್ತಾರೆ. ಅರಸರು, ಲಾರ್ಡ್ ಚಾನ್ಸಲರ್, ಬಿಷಪ್ಪರು, ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ನ ಕಾಲೇಜುಗಳು, ಟ್ರಸ್ಟುಗಳು, ಕೆಲವೆಡೆ ಹಳೆಯ ಜಮೀನುದಾರ ಮನೆತನಗಳು ಈ ಹಕ್ಕನ್ನು ಹೊಂದಿವೆ. ಮೊದಲು ಸಭೆಯ ಆಡಳಿತ ಮಂಡಳಿಯಾದ ಚರ್ಚ್ ಕೌನ್ಸಿಲ್ ತನ್ನ ಪ್ಯಾರಿಷ್‌ನ ಸ್ಥಿತಿಗತಿ ಮತ್ತು ಅಗತ್ಯಗಳ ಬಗ್ಗೆ ಲಿಖಿತ ಹೇಳಿಕೆ ಸಿದ್ಧಪಡಿಸಿ, ತನ್ನ ಪರವಾಗಿ ಇಬ್ಬರು ಸಾಮಾನ್ಯ ಸದಸ್ಯರನ್ನು ಆರಿಸುತ್ತದೆ. 1986ರ ಶಾಸನದ ಪ್ರಕಾರ ಆ ಇಬ್ಬರ ಒಪ್ಪಿಗೆಯೂ ಬಿಷಪ್ಪರ ಒಪ್ಪಿಗೆಯೂ ಇಲ್ಲದೆ ಪೇಟ್ರನ್ ಯಾರನ್ನೂ ನೇಮಕಕ್ಕೆ ಮುಂದಿಡುವಂತಿಲ್ಲ.

ಅಧಿಕಾರ ಸ್ವೀಕಾರದ ಆರಾಧನೆಯಲ್ಲಿ ಎರಡು ಹಂತಗಳಿವೆ. ಹೊಸ ರೆಕ್ಟರ್ ಸಭೆಯ ನಂಬಿಕೆಗೆ ಸಮ್ಮತಿ ಸೂಚಿಸಿ, ಅರಸರಿಗೆ ನಿಷ್ಠೆಯ ಪ್ರಮಾಣವನ್ನೂ, ‘ಕಾನೂನುಬದ್ಧವೂ ಪ್ರಾಮಾಣಿಕವೂ ಆದ ಎಲ್ಲ ವಿಷಯಗಳಲ್ಲಿ’ ಬಿಷಪ್ಪರಿಗೆ ವಿಧೇಯತೆಯ ಪ್ರಮಾಣವನ್ನೂ ಮಾಡುತ್ತಾರೆ. ಬಿಷಪ್ಪರು ನೇಮಕಪತ್ರವನ್ನು ಕೈಗಿಡುತ್ತಾ ‘ನಿಮ್ಮದೂ ನನ್ನದೂ ಆದ ಆತ್ಮಗಳ ಪಾಲನೆಯನ್ನು ಸ್ವೀಕರಿಸಿರಿ’ ಎನ್ನುತ್ತಾರೆ. ಈ ಒಂದು ಮಾತಿನಲ್ಲಿ ಆಂಗ್ಲಿಕನ್ ಆಡಳಿತದ ಸಾರವೆಲ್ಲ ಇದೆ: ಹೊಣೆಯನ್ನು ಕೊಟ್ಟ ಬಿಷಪ್ಪರು ಅದರಿಂದ ಬಿಡುಗಡೆಯಾಗುವುದಿಲ್ಲ. ಅನಂತರ ಆಡಳಿತದಲ್ಲಿ ಬಿಷಪ್ಪರಿಗೆ ನೆರವಾಗುವ ಹಿರಿಯ ಪಾದ್ರಿಯಾದ ಆರ್ಚ್‌ಡೀಕನ್ ಹೊಸ ರೆಕ್ಟರರ ಕೈಯನ್ನು ಹಿಡಿದು ಚರ್ಚಿನ ಬಾಗಿಲಿನ ಬೀಗದ ಕೈ ಅಥವಾ ಹಿಡಿಯ ಮೇಲಿಟ್ಟು ಕಟ್ಟಡದ ಸ್ವಾಧೀನವನ್ನು ಒಪ್ಪಿಸುತ್ತಾರೆ. ರೆಕ್ಟರ್ ಒಳಗೆ ಹೋಗಿ ಗಂಟೆಯ ಹಗ್ಗ ಎಳೆದು ತಾವು ಬಂದಿರುವುದನ್ನು ಊರಿಗೆ ಸಾರುತ್ತಾರೆ. ಎಷ್ಟು ಸಲ ಗಂಟೆ ಬಾರಿಸುತ್ತಾರೋ ಅಷ್ಟು ವರ್ಷ ಇಲ್ಲಿರುತ್ತಾರೆಂಬ ನಂಬಿಕೆ ಇರುವುದರಿಂದ ಜನ ಉಸಿರು ಬಿಗಿಹಿಡಿದು ಎಣಿಸುತ್ತಾರೆ.

ರೆಕ್ಟರ್ ಆಗಲು ಯಾವ ಅರ್ಹತೆ ಬೇಕು? ಮಹಿಳೆಯರು ಆಗಬಹುದೇ?

ಮೊದಲು ಡಯಾಸಿಸ್ ಮತ್ತು ರಾಷ್ಟ್ರ ಮಟ್ಟದಲ್ಲಿ ಅಭ್ಯರ್ಥಿಗೆ ದೇವರ ಕರೆ ಇದೆಯೇ ಎಂದು ಪರೀಕ್ಷಿಸಲಾಗುತ್ತದೆ. ನಂತರ ದೇವಶಾಸ್ತ್ರದ ತರಬೇತಿ, ಪಾದ್ರಿಪದವಿಗೆ ಮೊದಲ ಮೆಟ್ಟಿಲಾದ ಡೀಕನ್ ಆಗಿ ಅಭಿಷೇಕ, ಸಾಮಾನ್ಯವಾಗಿ ಒಂದು ವರ್ಷದ ಬಳಿಕ ಪಾದ್ರಿಯಾಗಿ ಅಭಿಷೇಕ. ಹಿರಿಯ ಪಾದ್ರಿಯ ಕೈಕೆಳಗೆ ಮೂರು ನಾಲ್ಕು ವರ್ಷ ಕ್ಯುರೇಟ್ ಆಗಿ ಕೆಲಸ ಕಲಿತವರು ಸ್ವತಂತ್ರ ಸ್ಥಾನಕ್ಕೆ ಅರ್ಜಿ ಹಾಕುತ್ತಾರೆ.

ಮಹಿಳೆಯರು ಆಗಬಹುದು. ಚರ್ಚ್ ಆಫ್ ಇಂಗ್ಲೆಂಡಿನಲ್ಲಿ ಮೊದಲ 32 ಮಹಿಳೆಯರು ಪಾದ್ರಿಗಳಾಗಿ ಅಭಿಷೇಕ ಪಡೆದದ್ದು 1994ರ ಮಾರ್ಚ್ 12ರಂದು, ಬ್ರಿಸ್ಟಲ್ ಕೆಥೆಡ್ರಲ್‌ನಲ್ಲಿ. ಅವರಿಗಿಂತ ಬಹಳ ಮುಂಚೆ, 1944ರಲ್ಲಿ, ಯುದ್ಧಕಾಲದ ಚೀನಾದಲ್ಲಿ ಫ್ಲಾರೆನ್ಸ್ ಲೀ ಟಿಮ್-ಓಯ್ ಅಭಿಷೇಕ ಪಡೆದಿದ್ದರು. ಮನಸ್ಸಾಕ್ಷಿಯ ಕಾರಣದಿಂದ ಮಹಿಳಾ ಪಾದ್ರಿಗಳನ್ನು ಒಪ್ಪದ ಪ್ಯಾರಿಷ್‌ಗಳಿಗೆ ಪ್ರತ್ಯೇಕ ಏರ್ಪಾಡುಗಳು ಈಗಲೂ ಇವೆ.

ಭಾನುವಾರ ಬಿಟ್ಟು ಉಳಿದ ದಿನಗಳಲ್ಲಿ ರೆಕ್ಟರ್ ಏನು ಮಾಡುತ್ತಾರೆ?

ಚರ್ಚಿನ ಕಾನೂನಾದ ಕ್ಯಾನನ್‌ಗಳು ಇದನ್ನು ಸ್ಪಷ್ಟವಾಗಿ ಹೇಳುತ್ತವೆ. ಪ್ರತಿದಿನ ಬೆಳಗಿನ ಮತ್ತು ಸಂಜೆಯ ಪ್ರಾರ್ಥನೆ, ಭಾನುವಾರ ಮತ್ತು ಮುಖ್ಯ ಹಬ್ಬಗಳಂದು ಕರ್ತನ ಭೋಜನ, ಭಾನುವಾರಕ್ಕೆ ಕನಿಷ್ಠ ಒಂದು ಪ್ರಸಂಗ, ಮಕ್ಕಳಿಗೆ ಕ್ರೈಸ್ತ ನಂಬಿಕೆಯ ಬೋಧನೆ, ದೃಢೀಕರಣಕ್ಕೆ ಬರುವವರ ಸಿದ್ಧತೆ, ರೋಗಿಗಳ ಭೇಟಿ, ಊರಿನ ಸಭೆಗೆ ಸಂಬಂಧಿಸಿದ ಮುಖ್ಯ ವಿಷಯಗಳಲ್ಲಿ ಕೌನ್ಸಿಲ್ ಜೊತೆ ಸಮಾಲೋಚನೆ. ಪ್ಯಾರಿಷ್‌ನಲ್ಲಿಯೇ ವಾಸವಾಗಿರಬೇಕೆಂಬುದೂ ಕ್ಯಾನನ್‌ನ ಕಟ್ಟಳೆ.

ಪಟ್ಟಿ ಹೀಗಿದ್ದರೂ ದಿನ ಹೀಗೆ ಸಾಗುವುದಿಲ್ಲ. ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಶಾಲೆಯ ಅಸೆಂಬ್ಲಿಗೆ ಹೋಗಿ ಬರುವಷ್ಟರಲ್ಲಿ ಶವಸಂಸ್ಕಾರ ನಿರ್ವಾಹಕರ ಫೋನು ಬಂದಿರುತ್ತದೆ. ಮಧ್ಯಾಹ್ನ ಆ ಮನೆಗೆ ಹೋಗಿ ಕುಳಿತು, ತೀರಿಕೊಂಡವರನ್ನು ತಾವು ಒಮ್ಮೆಯೂ ನೋಡಿರದಿದ್ದರೂ, ಅವರು ಯಾವ ಹಾಡನ್ನು ಗುನುಗುತ್ತಿದ್ದರು, ತೋಟದಲ್ಲಿ ಏನು ಬೆಳೆಯುತ್ತಿದ್ದರು, ಯಾರೊಡನೆ ಮಾತು ಬಿಟ್ಟಿದ್ದರು ಎಂಬುದನ್ನೆಲ್ಲ ಕೇಳಿಸಿಕೊಳ್ಳಬೇಕು. ಹತ್ತು ನಿಮಿಷದ ಪ್ರಸಂಗದಲ್ಲಿ ಸುಳ್ಳು ಹೇಳದೆ, ನೋವನ್ನೂ ಕೆದಕದೆ, ಆ ಮನುಷ್ಯನನ್ನು ಅವರವರ ಜನ ಗುರುತಿಸುವಂತೆ ಮಾತಾಡುವುದು ಈ ವೃತ್ತಿಯ ಅತಿ ಕಷ್ಟದ ಕೌಶಲ. ನನ್ನನ್ನು ಕೇಳಿದರೆ, ಒಬ್ಬ ರೆಕ್ಟರರ ಯೋಗ್ಯತೆಯನ್ನು ಭಾನುವಾರದ ಪ್ರಸಂಗಕ್ಕಿಂತ ಹೆಚ್ಚಾಗಿ ಇಂಥ ಭೇಟಿಗಳಿಂದ ಅಳೆಯಬೇಕು.

ದೀಕ್ಷಾಸ್ನಾನ, ಮದುವೆ ಅಥವಾ ಅಂತ್ಯಕ್ರಿಯೆಯನ್ನು ರೆಕ್ಟರ್ ನಿರಾಕರಿಸಬಹುದೇ?

ಬಹುಮಟ್ಟಿಗೆ ಇಲ್ಲ. ಪ್ಯಾರಿಷ್‌ನೊಳಗಿನ ಶಿಶುವಿಗೆ ದೀಕ್ಷಾಸ್ನಾನ ಕೇಳಿದರೆ, ತಂದೆತಾಯಿಗೆ ತಿಳಿವಳಿಕೆ ಕೊಡುವ ಸಲುವಾಗಿ ಸ್ವಲ್ಪ ಕಾಲ ತೆಗೆದುಕೊಳ್ಳಬಹುದೇ ಹೊರತು, ನಿರಾಕರಿಸುವಂತಿಲ್ಲ. ಅದಕ್ಕೆ ಶುಲ್ಕವೂ ಇಲ್ಲ.

ಮದುವೆಯ ವಿಷಯದಲ್ಲಿ ಪ್ಯಾರಿಷ್‌ನ ನಿವಾಸಿಗಳಿಗೆ ತಮ್ಮ ಊರಿನ ಚರ್ಚಿನಲ್ಲಿ ಮದುವೆಯಾಗುವ ಕಾನೂನುಬದ್ಧ ಹಕ್ಕಿದೆ. ಅಲ್ಲಿ ವಾಸವಿರದಿದ್ದರೂ ದೀಕ್ಷಾಸ್ನಾನ ಅಲ್ಲಿ ಆಗಿದ್ದರೆ ಅಥವಾ ತಂದೆತಾಯಿಯ ಮದುವೆ ಅಲ್ಲಿ ನಡೆದಿದ್ದರೆ, ಅಂಥ ನಂಟುಗಳನ್ನೂ 2008ರ ಶಾಸನ ಮಾನ್ಯ ಮಾಡಿದೆ. ಮದುವೆಗೆ ಮುಂಚಿನ ಮೂರು ತಿಂಗಳೊಳಗೆ ಮೂರು ಭಾನುವಾರ ವಧೂವರರ ಹೆಸರನ್ನು ಆರಾಧನೆಯಲ್ಲಿ ಗಟ್ಟಿಯಾಗಿ ಓದಿ, ಆಕ್ಷೇಪವಿದ್ದವರು ಹೇಳಬಹುದೆಂದು ಕೇಳಲಾಗುತ್ತದೆ. ಇದಕ್ಕೆ ಬ್ಯಾನ್ಸ್ ಎನ್ನುತ್ತಾರೆ. ವಿಚ್ಛೇದಿತರ ಹಿಂದಿನ ಸಂಗಾತಿ ಬದುಕಿದ್ದರೆ ಅವರ ಮರುಮದುವೆ ನಡೆಸದಿರಲು ಪಾದ್ರಿಗೆ ಮನಸ್ಸಾಕ್ಷಿಯ ವಿನಾಯಿತಿ ಇದೆ. ಒಂದೇ ಲಿಂಗದವರ ಮದುವೆ ನಡೆಸಲು ಚರ್ಚ್ ಆಫ್ ಇಂಗ್ಲೆಂಡಿನ ಪಾದ್ರಿಗಳಿಗೆ ಕಾನೂನಿನಲ್ಲಿ ಅವಕಾಶವಿಲ್ಲ.

ಚರ್ಚಿನ ಸ್ಮಶಾನದಲ್ಲಿ ಜಾಗವಿದ್ದು ಅದು ಮುಚ್ಚಿಲ್ಲದಿದ್ದರೆ, ಪ್ಯಾರಿಷ್‌ನ ಯಾರೇ ಆದರೂ ಅಲ್ಲಿ ಸಮಾಧಿಯಾಗಲು ಹಕ್ಕುಳ್ಳವರು.

ಇವೆಲ್ಲದರ ದಾಖಲೆ ಇಡುವುದೂ ರೆಕ್ಟರರ ಕೆಲಸವೇ. 1538ರಲ್ಲಿ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಹೊರಡಿಸಿದ ಆಜ್ಞೆಯಿಂದ ಶುರುವಾದ ಪ್ಯಾರಿಷ್ ರಿಜಿಸ್ಟರುಗಳಲ್ಲಿ ದೊರೆಮನೆತನದವರ ಜೊತೆ ಕೂಲಿಯವರ, ಅನಾಥ ಶಿಶುಗಳ ಹೆಸರೂ ದಾಖಲಾಗಿದೆ. ಮದುವೆಯ ಮಟ್ಟಿಗೆ 2021ರ ಮೇ 4ರಿಂದ ಪದ್ಧತಿ ಬದಲಾಗಿದ್ದು, ಈಗ ರಿಜಿಸ್ಟರ್ ಪುಸ್ತಕದ ಬದಲು ಒಂದು ದಸ್ತಾವೇಜಿಗೆ ಸಹಿ ಹಾಕಿಸಿ ನೋಂದಣಿ ಕಚೇರಿಗೆ ತಲುಪಿಸಬೇಕು.

ರೆಕ್ಟರರ ಬಳಿ ಹೇಳಿಕೊಂಡ ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆಯೇ?

ವಿಧಿವತ್ತಾಗಿ ಮಾಡಿದ ಪಾಪನಿವೇದನೆಯನ್ನು ಹೊರಗೆಡಹುವಂತಿಲ್ಲ. 1603ರ ಕ್ಯಾನನ್‌ಗಳು ರದ್ದಾದ ಮೇಲೂ ಈ ಒಂದು ನಿಯಮವನ್ನು ಮಾತ್ರ ಉಳಿಸಿಕೊಳ್ಳಲಾಗಿದೆ. ಚಹಾ ಕುಡಿಯುತ್ತಾ ಹೇಳಿದ ಮಾತಿಗೆ ಈ ಮುದ್ರೆ ಇಲ್ಲ. ಅದು ಗೌಪ್ಯವೇ ಆದರೂ, ಮಗುವಿಗೋ ಅಸಹಾಯಕರಿಗೋ ಅಪಾಯವಿದೆಯೆಂದು ತಿಳಿದರೆ ರೆಕ್ಟರ್ ಸುಮ್ಮನಿರುವಂತಿಲ್ಲ.

ಮಕ್ಕಳ ಮತ್ತು ದುರ್ಬಲರ ರಕ್ಷಣೆಯಲ್ಲಿ ಅವರ ಪಾತ್ರವೇನು?

ಈ ಪ್ರಶ್ನೆಗೆ ಮೊದಲು ಕಹಿ ಸತ್ಯವನ್ನೇ ಹೇಳಬೇಕು. ಮಕ್ಕಳ ಲೈಂಗಿಕ ಶೋಷಣೆಯ ಬಗ್ಗೆ ಬ್ರಿಟನ್ನಿನಲ್ಲಿ ನಡೆದ ಸ್ವತಂತ್ರ ವಿಚಾರಣೆ 2020ರ ಅಕ್ಟೋಬರ್ ವರದಿಯಲ್ಲಿ, ಚರ್ಚ್ ಆಫ್ ಇಂಗ್ಲೆಂಡ್ ನೊಂದವರ ಹಿತಕ್ಕಿಂತ ತನ್ನ ಮಾನವನ್ನೇ ದೊಡ್ಡದು ಮಾಡಿತೆಂದು ಹೇಳಿತು. 2024ರ ನವೆಂಬರಿನಲ್ಲಿ ಪ್ರಕಟವಾದ ಮತ್ತೊಂದು ಪರಿಶೀಲನಾ ವರದಿಯ ಹಿನ್ನೆಲೆಯಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ಅವರೇ ರಾಜೀನಾಮೆ ಘೋಷಿಸಬೇಕಾಯಿತು. ಜನ ಪಾದ್ರಿಯನ್ನು ಪ್ರಶ್ನಿಸದೆ ನಂಬುವ ಕಡೆಯಲ್ಲೆಲ್ಲ ಈ ಅಪಾಯವಿದೆ. ನಮ್ಮ ಸಭೆಗಳಿಗೂ ಇದು ದೂರದ ಮಾತಲ್ಲ.

ಈಗಿನ ನಿಯಮದಂತೆ ಪ್ರತಿ ಪ್ಯಾರಿಷ್‌ನಲ್ಲೂ ಒಬ್ಬ ರಕ್ಷಣಾಧಿಕಾರಿ ಇರಬೇಕು, ಮಕ್ಕಳೊಡನೆ ಕೆಲಸ ಮಾಡುವವರ ಪೂರ್ವಾಪರ ಪರಿಶೀಲನೆ ಆಗಬೇಕು, ದೂರು ಬಂದರೆ ಡಯಾಸಿಸ್‌ನ ತಜ್ಞರಿಗೆ ತಡಮಾಡದೆ ತಿಳಿಸಬೇಕು. ತಾವೇ ವಿಚಾರಣೆ ನಡೆಸಿ ರಾಜಿ ಮಾಡಿಸಲು ರೆಕ್ಟರರಿಗೆ ಅಧಿಕಾರವಿಲ್ಲ. ಮಾರ್ಗಸೂಚಿಗಳನ್ನು ಕಡೆಗಣಿಸುವುದು ಶಿಸ್ತುಕ್ರಮಕ್ಕೆ ಗುರಿಯಾಗುವ ಅಪರಾಧ.

ಚರ್ಚಿನ ಹಣ ಮತ್ತು ಕಟ್ಟಡ ರೆಕ್ಟರರ ಕೈಯಲ್ಲಿರುತ್ತದೆಯೇ?

ಇಲ್ಲ. ಅಧಿಕಾರವನ್ನು ಜಾಣತನದಿಂದ ಹಂಚಲಾಗಿದೆ. ಹಣಕಾಸು ಮತ್ತು ಕಟ್ಟಡದ ದುರಸ್ತಿ ಪ್ಯಾರೋಕಿಯಲ್ ಚರ್ಚ್ ಕೌನ್ಸಿಲ್ ಅಥವಾ ಪಿ.ಸಿ.ಸಿ.ಯ ಹೊಣೆ. ಅದಕ್ಕೆ ರೆಕ್ಟರ್ ಅಧ್ಯಕ್ಷರಾದರೂ, ಸಾಮಾನ್ಯ ಸದಸ್ಯರನ್ನು ವಾರ್ಷಿಕ ಸಭೆ ಚುನಾಯಿಸುತ್ತದೆ, ಬಹುಮತದ ತೀರ್ಮಾನವೇ ನಡೆಯುತ್ತದೆ. ಪ್ರತಿ ವರ್ಷ ಆಯ್ಕೆಯಾಗುವ ಇಬ್ಬರು ಚರ್ಚ್‌ವಾರ್ಡನ್‌ಗಳು ಬೆಳ್ಳಿಯ ಪಾತ್ರೆ, ಪೀಠೋಪಕರಣ ಮುಂತಾದ ಚರಾಸ್ತಿಯ ಕಾನೂನುಬದ್ಧ ಒಡೆಯರು. ಅವರ ಆಯ್ಕೆಯಲ್ಲಿ ಮತ ಹಾಕಲು ಚರ್ಚಿನ ಸದಸ್ಯರಷ್ಟೇ ಅಲ್ಲ, ಸ್ಥಳೀಯ ಮತದಾರರ ಪಟ್ಟಿಯಲ್ಲಿರುವ ಪ್ಯಾರಿಷ್ ನಿವಾಸಿಗಳಿಗೂ ಹಕ್ಕಿದೆ.

ಇನ್ನು ಕಟ್ಟಡದಲ್ಲಿ ಬದಲಾವಣೆ. ಹಳೆಯ ಬೆಂಚುಗಳನ್ನು ತೆಗೆದು ಕುರ್ಚಿ ಹಾಕಬೇಕಾದರೆ, ಶೌಚಾಲಯ ಕಟ್ಟಬೇಕಾದರೆ, ಸ್ಮಾರಕಫಲಕ ಜೋಡಿಸಬೇಕಾದರೆ ‘ಫ್ಯಾಕಲ್ಟಿ’ ಎಂಬ ಅನುಮತಿಯನ್ನು ಡಯಾಸಿಸ್‌ನ ನ್ಯಾಯಾಧೀಶರಾದ ಚಾನ್ಸಲರ್ ಅವರಿಂದ ಪಡೆಯಬೇಕು. ಐದು ವರ್ಷಕ್ಕೊಮ್ಮೆ ವಾಸ್ತುಶಿಲ್ಪಿಯಂಥ ಅರ್ಹರಿಂದ ತಪಾಸಣೆ ಕಡ್ಡಾಯ. ನಿಧಾನದ ಬಗ್ಗೆ ಗೊಣಗಾಟ ಕೇಳಿಬರುತ್ತದೆ, ಆದರೆ ಉತ್ಸಾಹಿ ಪಾದ್ರಿಯೊಬ್ಬರ ಅಭಿರುಚಿಗೆ ಆರುನೂರು ವರ್ಷದ ಕಟ್ಟಡ ಬಲಿಯಾಗದಂತೆ ತಡೆದಿರುವುದು ಈ ನಿಧಾನವೇ.

ಆರಾಧನೆಯ ಸಂಗೀತವನ್ನು ಯಾರು ತೀರ್ಮಾನಿಸುತ್ತಾರೆ?

ಆರ್ಗನ್ ವಾದಕರ ನೇಮಕಕ್ಕೆ ಪಿ.ಸಿ.ಸಿ.ಯ ಒಪ್ಪಿಗೆ ಬೇಕು. ಯಾವ ಹಾಡು ಎಂಬುದರಲ್ಲಿ ವಾದಕರ ಸಲಹೆಗೆ ಬೆಲೆ ಕೊಡಬೇಕಾದರೂ ಕೊನೆಯ ಮಾತು ರೆಕ್ಟರರದು. ಗಂಟೆಯನ್ನೂ ಅವರ ನಿರ್ದೇಶನಕ್ಕೆ ವಿರುದ್ಧವಾಗಿ ಬಾರಿಸುವಂತಿಲ್ಲ.

ರೆಕ್ಟರರಿಗೆ ಸಂಬಳ ಎಲ್ಲಿಂದ ಬರುತ್ತದೆ?

ಮೊದಲು ದಶಮಾಂಶವೂ ಗ್ಲೀಬ್ ಎಂಬ ಚರ್ಚಿನ ಹೊಲವೂ ಆದಾಯದ ಮೂಲಗಳಾಗಿದ್ದವು. ಒಬ್ಬ ರೆಕ್ಟರ್ ಶ್ರೀಮಂತರಾಗಿದ್ದರೆ ಪಕ್ಕದ ಊರಿನ ಕ್ಯುರೇಟ್ ಹಸಿದಿರುತ್ತಿದ್ದರು. 1976ರ ಶಾಸನದ ಮೂಲಕ ಗ್ಲೀಬ್ ಜಮೀನು ಡಯಾಸಿಸ್‌ಗಳ ಕೈಸೇರಿ ಆ ಅಸಮಾನತೆ ಬಹಳಷ್ಟು ಕಡಿಮೆಯಾಯಿತು. ಈಗ ಎಲ್ಲರಿಗೂ ಹೆಚ್ಚು ಕಡಿಮೆ ಒಂದೇ ಪ್ರಮಾಣದ ಜೀವನಭತ್ಯೆ ದೊರೆಯುತ್ತದೆ, ವಾಸಕ್ಕೆ ಮನೆ ಕೊಡಲಾಗುತ್ತದೆ. ಹಣದ ಬಹುಪಾಲು ಬರುವುದು ಪ್ಯಾರಿಷ್‌ಗಳು ಡಯಾಸಿಸ್‌ಗೆ ಕಟ್ಟುವ ವಂತಿಗೆಯಿಂದ. ಮದುವೆ ಮತ್ತು ಅಂತ್ಯಕ್ರಿಯೆಯ ನಿಗದಿತ ಶುಲ್ಕ ಸಾಮಾನ್ಯವಾಗಿ ಡಯಾಸಿಸ್ ಮತ್ತು ಪಿ.ಸಿ.ಸಿ.ಗೆ ಹೋಗುತ್ತದೆ, ರೆಕ್ಟರರ ಜೇಬಿಗಲ್ಲ.

ಒಬ್ಬ ರೆಕ್ಟರರಿಗೆ ಅಷ್ಟೊಂದು ಚರ್ಚುಗಳು ಏಕೆ?

ಪಾದ್ರಿಗಳ ಸಂಖ್ಯೆಯೂ ಆದಾಯವೂ ಇಳಿದಿರುವುದರಿಂದ ಹಳ್ಳಿಗಾಡಿನಲ್ಲಿ ಐದಾರು, ಕೆಲವೆಡೆ ಹತ್ತಕ್ಕೂ ಹೆಚ್ಚು ಚರ್ಚುಗಳನ್ನು ಒಬ್ಬರೇ ನೋಡಿಕೊಳ್ಳುತ್ತಾರೆ. ಭಾನುವಾರ ಒಂದು ಹಳ್ಳಿಯಲ್ಲಿ ಬೆಳಗಿನ ಎಂಟಕ್ಕೆ ಆರಾಧನೆ ಮುಗಿಸಿ, ಬಾಗಿಲಲ್ಲಿ ನಿಂತು ಮಾತಾಡಿಸಲು ಬಂದವರಿಗೆ ಕೈಕುಲುಕಿ, ಕಾರು ಹತ್ತಿ ಮುಂದಿನ ಊರಿಗೆ ಓಡಬೇಕು. ಪ್ರತಿ ಚರ್ಚಿಗೂ ಪ್ರತ್ಯೇಕ ಪಿ.ಸಿ.ಸಿ. ಇದ್ದರೆ ಅಷ್ಟು ಸಭೆ, ಅಷ್ಟು ಲೆಕ್ಕಪತ್ರ, ಸೋರುವ ಅಷ್ಟು ಛಾವಣಿ. ಪ್ಯಾರಿಷ್ ಪದ್ಧತಿಯ ಅರ್ಥವೇ ಪಾದ್ರಿ ಜನರ ನಡುವೆ ಇರುವುದಾದರೆ, ಈ ಏರ್ಪಾಡು ಅದನ್ನು ಒಳಗಿನಿಂದ ಸವೆಸುತ್ತಿದೆ ಎಂದು ನನಗೆ ಅನಿಸುತ್ತದೆ. ಪರವಾನಗಿ ಪಡೆದ ಸಾಮಾನ್ಯ ಬೋಧಕರು ಮತ್ತು ನಿವೃತ್ತ ಪಾದ್ರಿಗಳು ಕೈಜೋಡಿಸದಿದ್ದರೆ ಅನೇಕ ಕಡೆ ಆರಾಧನೆ ಎಂದೋ ನಿಂತುಹೋಗುತ್ತಿತ್ತು.

ರೆಕ್ಟರರನ್ನು ತೆಗೆದುಹಾಕಬಹುದೇ?

ಹಿಂದೆ ‘ಫ್ರೀಹೋಲ್ಡ್’ ಎಂಬ ಹಕ್ಕಿನಿಂದಾಗಿ ಗಂಭೀರ ಅಪರಾಧವಿಲ್ಲದೆ ಅವರನ್ನು ಕದಲಿಸುವುದು ಅಸಾಧ್ಯವೆನ್ನುವಷ್ಟು ಕಷ್ಟವಾಗಿತ್ತು. 2011ರ ಜನವರಿ 31ರಿಂದ ಜಾರಿಗೆ ಬಂದ ‘ಕಾಮನ್ ಟೆನ್ಯೂರ್’ ವ್ಯವಸ್ಥೆಯಲ್ಲಿ ರಜೆ, ಮೌಲ್ಯಮಾಪನ, ಕಾರ್ಯಕ್ಷಮತೆಯ ಪರಿಶೀಲನೆ ಎಲ್ಲವೂ ಲಿಖಿತವಾಗಿವೆ. ದುರ್ನಡತೆಗೆ 2003ರ ಶಿಸ್ತು ಶಾಸನದಡಿ ಕ್ರಮ ಜರುಗಿಸುತ್ತಾ ಬರಲಾಗಿದೆ. ಸಾಮಾನ್ಯ ನಿವೃತ್ತಿ ವಯಸ್ಸು 70. ಸ್ಥಾನ ಖಾಲಿಯಾದಾಗ ಹೊಸಬರು ಬರುವವರೆಗೆ ಚರ್ಚ್‌ವಾರ್ಡನ್‌ಗಳು ನೆರೆಯ ಹಿರಿಯ ಪಾದ್ರಿಯಾದ ರೂರಲ್ ಡೀನ್ ಅಥವಾ ಏರಿಯಾ ಡೀನ್ ನೆರವಿನಿಂದ ಆರಾಧನೆಯ ಏರ್ಪಾಡು ನೋಡಿಕೊಳ್ಳುತ್ತಾರೆ.

ಬೇರೆ ದೇಶಗಳಲ್ಲಿಯೂ ಹೀಗೆಯೇ ಇದೆಯೇ?

ಅಮೆರಿಕದ ಎಪಿಸ್ಕೋಪಲ್ ಚರ್ಚಿನಲ್ಲಿ ಪೇಟ್ರನ್ ಎಂಬುವವರೇ ಇಲ್ಲ. ಸಭೆ ಚುನಾಯಿಸಿದ ವೆಸ್ಟ್ರಿ ಎಂಬ ಮಂಡಳಿ ರೆಕ್ಟರರನ್ನು ಆರಿಸಿ ಬಿಷಪ್ಪರಿಗೆ ತಿಳಿಸುತ್ತದೆ. ಆರಾಧನೆ ಮತ್ತು ಕಟ್ಟಡದ ಬಳಕೆಯ ಮೇಲೆ ಅವರಿಗೆ ಪೂರ್ಣ ಅಧಿಕಾರವಿದ್ದು, ನಿವೃತ್ತಿ ವಯಸ್ಸು 72. ಅಲ್ಲಿ ವಿಕಾರ್ ಎಂದರೆ ತನ್ನ ಕಾಲ ಮೇಲೆ ನಿಲ್ಲದ ಚಿಕ್ಕ ಸಭೆಗಳಿಗೆ ಬಿಷಪ್ಪರೇ ಕಳುಹಿಸುವ ಪಾದ್ರಿ. ಹೀಗಾಗಿ ಇಂಗ್ಲೆಂಡಿನಲ್ಲಿ ಅಳಿಸಿಹೋದ ವ್ಯತ್ಯಾಸ ಅಲ್ಲಿ ಹೊಸ ರೂಪದಲ್ಲಿ ಜೀವಂತವಾಗಿದೆ. ಸ್ಕಾಟ್ಲೆಂಡ್ ಮತ್ತು ಐರ್ಲೆಂಡಿನ ಆಂಗ್ಲಿಕನ್ ಸಭೆಗಳಲ್ಲಿಯೂ ರೆಕ್ಟರ್ ಎಂಬುದೇ ರೂಢಿಯ ಹೆಸರು.

ಕರ್ನಾಟಕದಲ್ಲಿ ರೆಕ್ಟರ್ ಎಂಬ ಹುದ್ದೆ ಏಕಿಲ್ಲ?

ದಶಮಾಂಶವಾಗಲಿ ಪ್ಯಾರಿಷ್ ಗಡಿಯಾಗಲಿ ಇಲ್ಲದ ನೆಲಕ್ಕೆ ಆಂಗ್ಲಿಕನ್ ಸಭೆ ಬಂದದ್ದು ದಂಡಿನ ಜೊತೆಯಲ್ಲಿ. 1808ರಲ್ಲಿ ಶಂಕುಸ್ಥಾಪನೆಯಾಗಿ 1812ರಲ್ಲಿ ಪೂರ್ಣಗೊಂಡ ಬೆಂಗಳೂರಿನ ಸೇಂಟ್ ಮಾರ್ಕ್ಸ್ ಚರ್ಚಿನಂಥ ಕಡೆ ಸರ್ಕಾರದ ಸಂಬಳ ಪಡೆಯುವ, ಚಾಪ್ಲಿನ್ ಎಂದು ಕರೆಯಲಾಗುತ್ತಿದ್ದ ಪಾದ್ರಿಗಳು ಸೇವೆ ಸಲ್ಲಿಸುತ್ತಿದ್ದರು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್ ಮತ್ತು ಸೌತ್ ಇಂಡಿಯಾ ಯುನೈಟೆಡ್ ಚರ್ಚ್ ಒಂದಾಗಿ ಸಿ.ಎಸ್.ಐ. ಹುಟ್ಟಿತು. ಅದು ಜಗತ್ತಿನ ಆಂಗ್ಲಿಕನ್ ಸಭೆಗಳ ಬಳಗವಾದ ಆಂಗ್ಲಿಕನ್ ಕಮ್ಯೂನಿಯನ್ನಿನ ಸದಸ್ಯ ಸಭೆಯೂ ಹೌದು. ಇಲ್ಲಿ ಸಭಾಪಾಲಕರನ್ನು ಬಿಷಪ್ಪರು ನೇಮಿಸುತ್ತಾರೆ, ಕೆಲವು ವರ್ಷಗಳಿಗೊಮ್ಮೆ ವರ್ಗಾವಣೆ ಆಗುತ್ತದೆ, ಸಭಾಪಾಲಕರ ಹೊಣೆ ಮುಖ್ಯವಾಗಿ ಸಭೆಯ ಕುಟುಂಬಗಳಿಗೆ ಸೇರಿದ್ದು. ಇಂಗ್ಲೆಂಡಿನ ರೆಕ್ಟರ್ ಪದ್ಧತಿಯಿಂದ ನಾವು ಕಲಿಯಬಹುದಾದ ಒಂದು ಸಂಗತಿಯಿದ್ದರೆ, ಅದು ಪಟ್ಟಿಯಲ್ಲಿ ಹೆಸರಿಲ್ಲದ ನೆರೆಯವರನ್ನೂ ತನ್ನವರೆಂದು ಎಣಿಸುವುದು.

ಇಂಗ್ಲೆಂಡಿನಲ್ಲಿರುವ ಕನ್ನಡ ಕುಟುಂಬಗಳಿಗೆ ರೆಕ್ಟರರಿಂದ ಏನು ಕೆಲಸ ಬೀಳಬಹುದು?

ಚರ್ಚ್ ಆಫ್ ಇಂಗ್ಲೆಂಡ್ ಸುಮಾರು 4,600 ಶಾಲೆಗಳಿಗೆ ಸಂಬಂಧ ಹೊಂದಿದೆ. ಕೆಲವು ಶಾಲೆಗಳು ಆರಾಧನೆಗೆ ಬರುವ ಕುಟುಂಬಗಳಿಗೆ ಆದ್ಯತೆ ಕೊಡುತ್ತವೆ, ಆಗ ಪೂರಕ ಅರ್ಜಿಯ ಮೇಲೆ ಪಾದ್ರಿಯ ಸಹಿ ಬೇಕಾಗುತ್ತದೆ. ಅನೇಕ ಶಾಲೆಗಳಲ್ಲಿ ಇಂಥ ಷರತ್ತೇ ಇಲ್ಲ. ಬ್ರಿಟಿಷ್ ಪಾಸ್‌ಪೋರ್ಟ್ ಅರ್ಜಿಯ ಗುರುತು ದೃಢೀಕರಿಸಬಲ್ಲವರ ಪಟ್ಟಿಯಲ್ಲಿಯೂ ಧರ್ಮಗುರುಗಳಿದ್ದಾರೆ, ಆದರೆ ಅವರಿಗೆ ನಿಮ್ಮ ಪರಿಚಯ ಕನಿಷ್ಠ ಎರಡು ವರ್ಷದ್ದಾಗಿರಬೇಕು. ಮದುವೆಯಾಗುವವರಲ್ಲಿ ಒಬ್ಬರು ಭಾರತೀಯ ಪಾಸ್‌ಪೋರ್ಟ್ ಹೊಂದಿದ್ದರೆ ಬ್ಯಾನ್ಸ್ ಸಾಲದು. ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಟಿಸ್ ಕೊಟ್ಟು, ಕನಿಷ್ಠ 28 ದಿನ ಕಾದು, ಪ್ರಮಾಣಪತ್ರ ತಂದ ಮೇಲೆ ರೆಕ್ಟರ್ ಮದುವೆ ನಡೆಸಬಹುದು. ದಿನಾಂಕ ಗೊತ್ತುಮಾಡುವ ಮೊದಲೇ ಈ ವಿಷಯವನ್ನು ಅವರೊಡನೆ ಮಾತಾಡಿಕೊಳ್ಳುವುದು ಒಳ್ಳೆಯದು.

ಅವರನ್ನು ಹೇಗೆ ಸಂಬೋಧಿಸಬೇಕು, ಯಾವಾಗ ಕಾಣಬೇಕು?

ಪತ್ರದ ವಿಳಾಸದಲ್ಲಿ ‘ದಿ ರೆವರೆಂಡ್’ ಎಂದು ಪೂರ್ಣ ಹೆಸರಿಗೆ ಮೊದಲು ಬರೆಯುತ್ತಾರೆ. ಮಾತಿನಲ್ಲಿ ‘ರೆಕ್ಟರ್’ ಎಂದರೆ ಸಾಕು. ಕೆಲವು ಸಭೆಗಳಲ್ಲಿ ‘ಫಾದರ್’ ಅಥವಾ ‘ಮದರ್’ ಎನ್ನುವುದುಂಟು, ಅನೇಕರು ತಮ್ಮ ಹೆಸರು ಹಿಡಿದು ಕರೆಯಿರಿ ಎಂದು ತಾವಾಗಿಯೇ ಹೇಳುತ್ತಾರೆ. ಹಿರಿಯರನ್ನು ಹೆಸರು ಹಿಡಿದು ಕರೆಯಲು ನಮ್ಮವರಿಗೆ ಬರುವ ಸಂಕೋಚವನ್ನು ಅವರು ತಪ್ಪು ತಿಳಿಯುವುದಿಲ್ಲ. ವಾರದಲ್ಲಿ ಒಂದು ದಿನ ಅವರಿಗೆ ಬಿಡುವಿರುತ್ತದೆ. ಅದು ಯಾವ ದಿನವೆಂಬುದನ್ನು ಪ್ಯಾರಿಷ್ ಕಚೇರಿಯಲ್ಲೋ ಚರ್ಚಿನ ಸೂಚನಾಫಲಕದಲ್ಲೋ ನೋಡಿಕೊಂಡು ಹೋಗಬೇಕು. ಯಾರಾದರೂ ಸಾವಿನಂಚಿನಲ್ಲಿದ್ದರೆ ಮಾತ್ರ ದಿನವನ್ನೂ ಗಂಟೆಯನ್ನೂ ಲೆಕ್ಕಿಸದೆ ಫೋನ್ ಮಾಡಬಹುದು.